ಟೋಫೆಲ್ ಕೈಬಿಟ್ಟ ಪ್ರಶ್ನೆ

ವಿದೇಶದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವವರ ಇಂಗ್ಲಿಷ್ ಜ್ಞಾನವನ್ನು ಅಳೆಯಲು ಅಮೆರಿಕದ ಇಟಿಎಸ್ ಸಂಸ್ಥೆ ನಡೆಸುವ ಟೋಫೆಲ್ ಪರೀಕ್ಷೆಯು 2026ರ ಜನವರಿ 21ರಿಂದ ಹೊಸ ರೂಪ ಪಡೆದಿದ್ದು, ಈ ರೂಪವು ಹಳೆಯದಕ್ಕಿಂತ ಚಿಕ್ಕದು, ಸರಳವಾದುದು, ದಿನಬಳಕೆಯ ಭಾಷೆಗೆ ಹತ್ತಿರವಾದುದು, ಆದ್ದರಿಂದ ಎಲ್ಲ ಹಿನ್ನೆಲೆಯ ವಿದ್ಯಾರ್ಥಿಗಳಿಗೂ ನ್ಯಾಯ ಒದಗಿಸುವಂಥದು ಎಂಬ ಹೊಗಳಿಕೆ ಬಲವಾಗಿ ಬೇರೂರಿದೆ. ಎಂಜಿನಿಯರಿಂಗ್ ಮುಗಿಸಿ ಎಂ.ಎಸ್. ಓದಲು ಹೊರಡುವ ತುಮಕೂರಿನ ಪದವೀಧರರಿಗೆ, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತು ಮೇಲೆ ಬಂದವರಿಗೆ, ಇದರಿಂದ ಹೆಚ್ಚಿನ ಅನುಕೂಲವಾಗುತ್ತದೆ ಎಂಬ ಮಾತು ಆ ಹೊಗಳಿಕೆಯ ಒಂದು ಭಾಗವಾಗಿಯೇ ಕೇಳಿಬರುತ್ತದೆ. ಈ ಕೀರ್ತಿ ಅರ್ಹತೆಯನ್ನು ಮೀರಿದ್ದು. ಅನುಕೂಲ ಆಗುತ್ತದೆ ಎನ್ನಲಾದ ವಿದ್ಯಾರ್ಥಿಗೇ ಇದರಿಂದ ನಷ್ಟ ಹೆಚ್ಚು.

ಬದಲಾವಣೆಗಳ ವಿವರ ಬಹುಮಟ್ಟಿಗೆ ಎಲ್ಲರಿಗೂ ತಿಳಿದದ್ದೇ ಆಗಿದೆ. 1964ರಲ್ಲಿ ಆರಂಭವಾದ ಪರೀಕ್ಷೆ 2005ರಲ್ಲಿ ಅಂತರ್ಜಾಲದ ಮೂಲಕ ನಡೆಯತೊಡಗಿತು. 2023ರ ಜುಲೈನಲ್ಲಿ ಅದರ ಅವಧಿ ಸುಮಾರು ಮೂರು ಗಂಟೆಯಿಂದ ಎರಡು ಗಂಟೆಗೆ ಇಳಿಯಿತು, ಅರ್ಧ ಗಂಟೆಯ ಸ್ವತಂತ್ರ ಪ್ರಬಂಧ ಹೋಗಿ ಹತ್ತು ನಿಮಿಷದ ತರಗತಿ ಚರ್ಚೆಯ ಬರಹ ಬಂತು. ಈಗ 0ರಿಂದ 120ರವರೆಗಿನ ಅಂಕಮಾನದ ಜಾಗದಲ್ಲಿ 1ರಿಂದ 6ರವರೆಗಿನ ಶ್ರೇಣಿ ಬಂದಿದೆ, ಎರಡು ವರ್ಷಗಳ ಮಟ್ಟಿಗೆ ಹಳೆಯ ಅಂಕವನ್ನೂ ಜೊತೆಗೆ ತೋರಿಸಲಾಗುತ್ತದೆ. ಓದುವ ಮತ್ತು ಆಲಿಸುವ ಭಾಗಗಳು ಎರಡು ಹಂತಗಳಾಗಿದ್ದು, ಮೊದಲ ಹಂತದಲ್ಲಿ ವಿದ್ಯಾರ್ಥಿ ಹೇಗೆ ಉತ್ತರಿಸಿದನೆಂಬುದರ ಮೇಲೆ ಎರಡನೆಯ ಹಂತದ ಕಠಿಣತೆ ನಿರ್ಧಾರವಾಗುತ್ತದೆ. ಈ ಹಂತದ ವ್ಯವಸ್ಥೆ ಒಳ್ಳೆಯದೇ. ಫಲಿತಾಂಶ ಬೇಗ ಬರುವುದೂ ಒಳ್ಳೆಯದೇ. ಇವುಗಳ ಬಗ್ಗೆ ತಕರಾರು ಇಲ್ಲ. ತಕರಾರು ಇರುವುದು ಬಿಟ್ಟುಹೋದ ಒಂದು ಪ್ರಶ್ನೆಯ ಬಗ್ಗೆ.

ಅದು ಬರವಣಿಗೆಯ ಭಾಗದಲ್ಲಿದ್ದ ಸಮಗ್ರ ಪ್ರಶ್ನೆ, ಎಂದರೆ ಓದುವುದು, ಆಲಿಸುವುದು, ಬರೆಯುವುದು ಈ ಮೂರನ್ನೂ ಒಂದೇ ಕೆಲಸದಲ್ಲಿ ಕೂಡಿಸಿ ಪರೀಕ್ಷಿಸುವ ಪ್ರಶ್ನೆ. ಹೆಚ್ಚು ಅಂಕ ಗಳಿಸಿ ಬಂದವರೂ ತರಗತಿಯಲ್ಲಿ ಮಾತನಾಡಲಾರರು, ಬರೆಯಲಾರರು ಎಂಬ ದೂರಿಗೆ 2005ರ ಸುಧಾರಣೆ ಕೊಟ್ಟ ಉತ್ತರ ಇದು. ವಿದ್ಯಾರ್ಥಿ ಸುಮಾರು 230ರಿಂದ 300 ಪದಗಳ ಒಂದು ಭಾಗವನ್ನು ಮೂರು ನಿಮಿಷದಲ್ಲಿ ಓದುತ್ತಿದ್ದ; ಅದು ಪರದೆಯಿಂದ ಮರೆಯಾಗಿ, ಅದೇ ವಿಷಯದ ಮೇಲೆ ಪ್ರಾಧ್ಯಾಪಕರೊಬ್ಬರ ಸುಮಾರು ಎರಡು ನಿಮಿಷದ ಉಪನ್ಯಾಸ ಒಮ್ಮೆ ಮಾತ್ರ ಕೇಳಿಸುತ್ತಿತ್ತು; ಆಮೇಲೆ ಓದಿದ ಭಾಗ ಪರದೆಗೆ ಮರಳುತ್ತಿತ್ತು, ಇಪ್ಪತ್ತು ನಿಮಿಷದಲ್ಲಿ 150ರಿಂದ 225 ಪದಗಳಲ್ಲಿ ಉಪನ್ಯಾಸದ ಮಾತು ಓದಿದ ಮಾತನ್ನು ಹೇಗೆ ಪ್ರಶ್ನಿಸುತ್ತದೆ ಎಂಬುದನ್ನು ಬರೆಯಬೇಕಾಗುತ್ತಿತ್ತು. ಸ್ವಂತ ಅಭಿಪ್ರಾಯ ಬರೆಯುವಂತಿರಲಿಲ್ಲ. ಟಿಪ್ಪಣಿ ಮಾಡಿಕೊಳ್ಳಲು ಅವಕಾಶವಿತ್ತು.

ಈ ಪ್ರಶ್ನೆಯ ಒಳರಚನೆ ಸೂಕ್ಷ್ಮವಾದದ್ದು. ಅದನ್ನು ಸ್ಪಷ್ಟಪಡಿಸಲು ತುಮಕೂರು ಸೀಮೆಗೆ ಪರಿಚಿತವಾದ ನೀಲಗಿರಿ ತೋಪಿನ ವಿವಾದವನ್ನೇ ಇಟ್ಟುಕೊಂಡು ಇಂತಹ ಒಂದು ಪ್ರಶ್ನೆಯನ್ನು ಕಲ್ಪಿಸಿಕೊಳ್ಳಬಹುದು. ಓದುವ ಭಾಗವು ನೀಲಗಿರಿ ಖುಷ್ಕಿ ಜಮೀನಿಗೆ ತಕ್ಕ ಬೆಳೆ ಎಂದು ಮೂರು ಕಾರಣ ಕೊಡುತ್ತದೆ: ಮಳೆ ಕಡಿಮೆಯಾದರೂ ಬೆಳೆಯುತ್ತದೆ, ಮೇಕೆ ಮುಟ್ಟುವುದಿಲ್ಲವಾದ್ದರಿಂದ ಕಾವಲು ಬೇಡ, ಕಾಗದದ ಕಾರ್ಖಾನೆಗೆ ಮಾರಾಟವಾಗುತ್ತದೆ. ಉಪನ್ಯಾಸವು ಇವನ್ನು ಒಂದೊಂದಾಗಿ ಹಿಡಿಯುತ್ತದೆ: ಮಳೆ ಕಡಿಮೆಯಾದಾಗ ಮರ ಬದುಕುವುದು ಆಳದ ತೇವವನ್ನು ಹೀರಿಯೇ, ಹಾಗಾಗಿ ಪಕ್ಕದ ರಾಗಿ ಹೊಲ ಸೊರಗುತ್ತದೆ, ಮೇಕೆ ತಿನ್ನದ ಮರ ಮೇವಿನ ಜಾಗವನ್ನೂ ಕಿತ್ತುಕೊಂಡಿರುತ್ತದೆ, ಮಾರಾಟದ ಹಣ ಬರಲು ವರ್ಷಗಟ್ಟಲೆ ಕಾಯಬೇಕಾದ್ದರಿಂದ ಸಣ್ಣ ರೈತನಿಗೆ ಅದು ನಿಲುಕುವುದಿಲ್ಲ. ಇಲ್ಲಿ ಉಪನ್ಯಾಸಕರು ಓದಿದ ಭಾಗದ ಸಂಗತಿಗಳನ್ನು ಅಲ್ಲಗಳೆಯುತ್ತಿಲ್ಲ; ಸಂಗತಿಯನ್ನು ಒಪ್ಪಿಕೊಂಡೇ ಅದರಿಂದ ತೆಗೆದ ತೀರ್ಮಾನವನ್ನು ಕೆಡಹುತ್ತಿದ್ದಾರೆ. ಇದನ್ನು ಗುರುತಿಸದ ವಿದ್ಯಾರ್ಥಿ ಮೊದಲ ಪ್ಯಾರಾದಲ್ಲಿ ಓದಿದ ಮೂರು ಅಂಶಗಳನ್ನೂ ಎರಡನೆಯದರಲ್ಲಿ ಕೇಳಿದ ಮೂರು ಅಂಶಗಳನ್ನೂ ಪಟ್ಟಿ ಮಾಡಿ ಮುಗಿಸುತ್ತಾನೆ. ವ್ಯಾಕರಣದ ತಪ್ಪು ಒಂದೂ ಇಲ್ಲದಿದ್ದರೂ ಅಂತಹ ಉತ್ತರಕ್ಕೆ ಉತ್ತಮ ಅಂಕ ದೊರೆಯುತ್ತಿರಲಿಲ್ಲ, ಏಕೆಂದರೆ ಅಳೆಯುತ್ತಿದ್ದದ್ದು ಎರಡು ಮಾತುಗಳ ನಡುವಿನ ಸಂಬಂಧವನ್ನು. ಅತ್ತ, ವಾಕ್ಯಗಳು ಒರಟಾಗಿದ್ದರೂ ಆ ಸಂಬಂಧವನ್ನು ಹಿಡಿದು ತೋರಿಸಿದವನಿಗೆ ಮನ್ನಣೆ ಸಿಗುತ್ತಿತ್ತು.

ಪರೀಕ್ಷೆಯು ತಾನು ಅಳೆಯುತ್ತೇನೆಂದು ಹೇಳಿದ್ದನ್ನೇ ಅಳೆಯುತ್ತದೆಯೇ ಎಂಬ ಗುಣವನ್ನು ಪರೀಕ್ಷಾಶಾಸ್ತ್ರ ಸಿಂಧುತ್ವ ಎಂದು ಕರೆಯುತ್ತದೆ. ವಿಶ್ವವಿದ್ಯಾಲಯದ ಕೆಲಸವೆಂದರೆ ಪುಸ್ತಕ ಒಂದು ಹೇಳಿದ್ದನ್ನೂ ಅಧ್ಯಾಪಕರು ಇನ್ನೊಂದು ಹೇಳಿದ್ದನ್ನೂ ಎದುರುಬದುರು ಇಟ್ಟು ಬರೆಯುವುದೇ ಆಗಿರುವಾಗ, ಟೋಫೆಲ್‌ನ ಉಳಿದ ಯಾವ ಪ್ರಶ್ನೆಗೂ ಇಲ್ಲದ ಸಿಂಧುತ್ವ ಈ ಪ್ರಶ್ನೆಗಿತ್ತು. ಅದಕ್ಕಿಂತ ಮುಖ್ಯವಾದದ್ದು ಅದರ ನ್ಯಾಯ. ಬರೆಯಬೇಕಾದ ಸಾಮಗ್ರಿಯನ್ನು ಪ್ರಶ್ನೆಯೇ ಒದಗಿಸುತ್ತಿದ್ದುದರಿಂದ, ಮನೆಯಲ್ಲಿ ಇಂಗ್ಲಿಷ್ ಪತ್ರಿಕೆ ಬರುತ್ತಿತ್ತೇ, ಊಟದ ಹೊತ್ತಿನ ಮಾತು ಯಾವ ಭಾಷೆಯಲ್ಲಿ ನಡೆಯುತ್ತಿತ್ತು ಎಂಬುದು ಅಲ್ಲಿ ಹಿಂದೆ ಸರಿಯುತ್ತಿತ್ತು. ಕನ್ನಡದಲ್ಲಿ ಸಮಾಜವಿಜ್ಞಾನ ಓದಿ ವಾದವನ್ನು ಬಿಡಿಸುವುದನ್ನು ಕಲಿತ ಗುಬ್ಬಿಯ ಹುಡುಗಿ ಆ ಬುದ್ಧಿಯನ್ನು ಇಂಗ್ಲಿಷಿಗೆ ಒಯ್ಯಬಹುದಾಗಿತ್ತು. ಉಪನ್ಯಾಸದ ಉಚ್ಚಾರಣೆ ಅವಳಿಗೆ ಅಪರಿಚಿತವಾಗಿತ್ತೆಂಬುದು ನಿಜ. ಆದರೆ ಹೊಸ ರೂಪದಲ್ಲಿ ಆ ತೊಂದರೆ ಕಡಿಮೆಯಾಗಿಲ್ಲ.

ಹೊಸ ರೂಪದಲ್ಲಿ ಮಾತಿನ ಭಾಗದ ಸಮಗ್ರ ಪ್ರಶ್ನೆಗಳೂ ಹೋಗಿವೆ. ಅವುಗಳ ಬದಲು ಏಳು ವಾಕ್ಯಗಳನ್ನು ಒಂದೊಂದಾಗಿ ಕೇಳಿ ಹಾಗೆಯೇ ತಿರುಗಿ ಹೇಳುವ ಕೆಲಸ, ಅದಾದ ಮೇಲೆ ತಯಾರಿಗೆ ಸಮಯವಿಲ್ಲದೆ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸುವ ಸಂದರ್ಶನ ಬಂದಿವೆ. ತಿರುಗಿ ಹೇಳಿಸುವುದರ ಹಿಂದೆ ಒಂದು ಸಿದ್ಧಾಂತವಿದೆ: ವಾಕ್ಯ ಉದ್ದವಾಗುತ್ತಿದ್ದಂತೆ ಬರಿಯ ನೆನಪು ಸಾಲದೆ ಹೋಗಿ, ಕೇಳಿದವನು ತನ್ನೊಳಗಿನ ವ್ಯಾಕರಣದ ನೆರವಿನಿಂದ ಆ ವಾಕ್ಯವನ್ನು ಮತ್ತೆ ಕಟ್ಟಬೇಕಾಗುತ್ತದೆ, ಹಾಗಾಗಿ ತಿರುಗಿ ಹೇಳುವಿಕೆ ಭಾಷೆಯ ಹಿಡಿತವನ್ನು ತೋರಿಸುತ್ತದೆ ಎಂಬುದು ಅದರ ತಿರುಳು. ಸಿದ್ಧಾಂತ ಗೌರವಕ್ಕೆ ಅರ್ಹವಾದದ್ದೇ. ಆದರೆ ಕನ್ನಡದ ಕಿವಿಗೆ ಅದು ತಂದೊಡ್ಡುವ ಕಷ್ಟ ಬೇರೆ ಬಗೆಯದು. ಕನ್ನಡದಲ್ಲಿ ಪ್ರತಿ ಅಕ್ಷರವೂ ಹೆಚ್ಚುಕಡಿಮೆ ಸಮನಾಗಿ, ಪೂರ್ಣವಾಗಿ ನುಡಿಯಲ್ಪಡುತ್ತದೆ. ಇಂಗ್ಲಿಷಿನಲ್ಲಿ ಮುಖ್ಯ ಪದಗಳ ಮೇಲೆ ಒತ್ತು ಬಿದ್ದು, ‘ಆಫ್’, ‘ಟು’, ‘ಹ್ಯಾವ್’, ‘ದ’ ಮುಂತಾದ ಸಣ್ಣ ಪದಗಳು ಅರ್ಧ ನುಂಗಿದಂತೆ ಹೊರಬರುತ್ತವೆ. ಬರಹದ ಮೂಲಕ ಇಂಗ್ಲಿಷ್ ಕಲಿತ ವಿದ್ಯಾರ್ಥಿಗೆ ಈ ಪದಗಳು ಎಲ್ಲಿ ಬರಬೇಕೆಂಬುದು ಚೆನ್ನಾಗಿಯೇ ಗೊತ್ತಿರುತ್ತದೆ, ಆದರೆ ಕಿವಿಗೆ ಬೀಳುವುದಿಲ್ಲ. ವೇಗವಾಗಿ ತಿರುಗಿ ಹೇಳುವಾಗ ಅವೇ ಮೊದಲು ಉದುರುತ್ತವೆ. ‘ಎಗ್’ ಎಂಬುದರ ಹಿಂದೆ ಯಕಾರವೂ ‘ಓನ್ಲಿ’ ಎಂಬುದರ ಹಿಂದೆ ವಕಾರವೂ ತಾವಾಗಿ ಸೇರಿಕೊಳ್ಳುವುದು ಕನ್ನಡಿಗರ ನಾಲಿಗೆಯ ಸಹಜ ರೂಢಿ. ಇದರಿಂದ ಅರ್ಥಕ್ಕೆ ಯಾವ ಧಕ್ಕೆಯೂ ಇಲ್ಲ. ಆದರೆ ಮಾತಿನ ಭಾಗದ ಹನ್ನೊಂದು ಪ್ರಶ್ನೆಗಳಲ್ಲಿ ಏಳು ಬರಿಯ ಅನುಕರಣೆಯೇ ಆದಾಗ, ಬಾಲ್ಯದಿಂದ ಆ ಸದ್ದುಗಳ ನಡುವೆ ಬೆಳೆದವರಿಗೆ ಸಿಗುವ ಮೇಲುಗೈಯನ್ನು ಸಾಮರ್ಥ್ಯವೆಂದು ಎಣಿಸಿದಂತಾಗುತ್ತದೆ.

ಬರವಣಿಗೆಯ ಭಾಗದಲ್ಲಿ ತರಗತಿ ಚರ್ಚೆಯ ಪ್ರಶ್ನೆ ಉಳಿದಿದೆ. ಹೊಸದಾಗಿ ಬಂದಿರುವುದು ಏಳು ನಿಮಿಷದ ಒಂದು ಇ-ಮೇಲ್ ಮತ್ತು ಚದುರಿದ ಪದಗಳನ್ನು ಜೋಡಿಸಿ ವಾಕ್ಯ ಮಾಡುವ ಹತ್ತು ಪ್ರಶ್ನೆಗಳು. ಓದುವ ಭಾಗದಲ್ಲಿ ಅಕ್ಷರ ಕಳೆದುಕೊಂಡ ಪದಗಳನ್ನು ಪೂರ್ತಿ ಮಾಡುವ ಪ್ರಶ್ನೆ ಬಂದಿದೆ. ಇದು 1980ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಸಿ-ಟೆಸ್ಟ್ ಎಂಬ ವಿಧಾನದ ರೂಪಾಂತರ.

ಕರ್ನಾಟಕದ ಪಿಯುಸಿ ಇಂಗ್ಲಿಷ್ ಪ್ರಶ್ನೆಪತ್ರಿಕೆಯನ್ನು ಬಲ್ಲವರಿಗೆ ಪದ ಜೋಡಿಸುವ ಪ್ರಶ್ನೆ ಹಳೆಯ ಪರಿಚಯ. ಅರ್ಜಿಪತ್ರ ಬರೆಯುವುದೂ ಹಾಗೆಯೇ. ಕೋಚಿಂಗ್ ವಲಯದ ಸಮರ್ಥಕರು ಹಿಡಿದಿರುವುದು ಈ ಎಳೆಯನ್ನೇ: ನಮ್ಮ ಮಕ್ಕಳಿಗೆ ಈ ಮಾದರಿಗಳು ರೂಢಿಯಾಗಿವೆ, ಆದ್ದರಿಂದ ಹೆಚ್ಚು ಅಂಕ ಬರುತ್ತದೆ. ಆದರೆ ಈ ವಾದ ತನ್ನ ಬುಡವನ್ನೇ ಕಡಿದುಕೊಳ್ಳುತ್ತದೆ. ಅಂತಹ ಪ್ರಶ್ನೆಗಳಿಗೆ ಪೂರ್ಣಾಂಕ ಪಡೆದು ಪಿಯುಸಿ ದಾಟಿದ ವಿದ್ಯಾರ್ಥಿಗಳೇ ಎಂಜಿನಿಯರಿಂಗ್‌ನ ಮೊದಲ ವರ್ಷದಲ್ಲಿ ಇಂಗ್ಲಿಷ್ ಉಪನ್ಯಾಸದ ಮುಂದೆ ಪೆನ್ನು ಹಿಡಿದು ಏನು ಬರೆದುಕೊಳ್ಳಬೇಕೆಂದು ತಿಳಿಯದೆ ಕೂರುತ್ತಾರೆಂಬುದು ಪಾಠ ಹೇಳುವವರೆಲ್ಲ ಕಂಡ ಸಂಗತಿ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷ್ ಬೋಧನೆ ಆರಂಭವಾದದ್ದು 2007ರಲ್ಲಿ. ಆ ವರ್ಷ ಶಾಲೆಗೆ ಸೇರಿದವರು ಈಗ ಇಪ್ಪತ್ತೈದರ ಆಸುಪಾಸಿನವರು, ಎಂದರೆ ಟೋಫೆಲ್ ಬರೆಯುವ ವಯಸ್ಸಿನವರು. ಅವರಿಗೆ ಪದಗಳು ಗೊತ್ತಿವೆ, ವಾಕ್ಯಗಳು ಗೊತ್ತಿವೆ. ಗೊತ್ತಿಲ್ಲದಿರುವುದು ಕೇಳಿದ್ದನ್ನೂ ಓದಿದ್ದನ್ನೂ ಹೆಣೆದು ಒಂದು ಪುಟ ಬರೆಯುವುದು. ಪರೀಕ್ಷೆ ಪಾಠದ ಮೇಲೆ ಬೀರುವ ಪ್ರಭಾವಕ್ಕೆ ಭಾಷಾಬೋಧನೆಯ ವಿದ್ವಾಂಸರು ವಾಷ್‌ಬ್ಯಾಕ್ ಎನ್ನುತ್ತಾರೆ. ಹಳೆಯ ಪ್ರಶ್ನೆ ಇದ್ದಾಗ, ಅಂಕದ ಆಸೆಗಾದರೂ, ಈ ಹೆಣೆಯುವ ಕೆಲಸವನ್ನು ತರಬೇತಿಯಲ್ಲಿ ಮಾಡಿಸಲೇಬೇಕಾಗಿತ್ತು. ಆ ಒತ್ತಾಯ ಈಗ ಇಲ್ಲ. ಅಂಕ ಸಿಗುತ್ತದೆ, ಪ್ರವೇಶವೂ ಸಿಗುತ್ತದೆ; ಸಾಲ ಮಾಡಿ ಕಳುಹಿಸಿದ ಮನೆಯವರಿಗೆ ದೂರದ ಊರಿನ ಮೊದಲ ಸೆಮಿಸ್ಟರ್‌ನಲ್ಲಿ ಕಾದಿರುವ ಕಷ್ಟ ಗೊತ್ತಾಗುವ ಹೊತ್ತಿಗೆ ಶುಲ್ಕ ಕಟ್ಟಿ ಆಗಿರುತ್ತದೆ. ಸುಲಭವಾದ ಪರೀಕ್ಷೆ ಬಡವರ ಪರವಾದ ಪರೀಕ್ಷೆ ಎಂದು ತಿಳಿಯುವುದು ಬಡ ವಿದ್ಯಾರ್ಥಿಯ ಬುದ್ಧಿಗೆ ಮಾಡುವ ಅವಮಾನವೂ ಹೌದು.

ಇನ್ನೊಂದು ಪಂಗಡದ ವಿಮರ್ಶಕರು ಈ ಚರ್ಚೆಯನ್ನೇ ನಿರರ್ಥಕವೆನ್ನುತ್ತಾರೆ. ಅವರ ಪ್ರಕಾರ ಇಂತಹ ಪರೀಕ್ಷೆಗಳೆಲ್ಲ ವಸಾಹತುಶಾಹಿಯ ಮುಂದುವರಿಕೆ, ಆದ್ದರಿಂದ ಒಳಗಿನ ಪ್ರಶ್ನೆ ಯಾವುದಾದರೂ ಒಂದೇ. ಹಣ ಕಟ್ಟಿ ತನ್ನ ಶಿಕ್ಷಣವನ್ನು ಮತ್ತೊಮ್ಮೆ ಸಾಬೀತುಪಡಿಸಬೇಕಾದ ಸ್ಥಿತಿಯಲ್ಲಿ ಅಸಮಾನತೆ ಇದೆ ಎಂಬ ಅವರ ಮೂಲ ಮಾತನ್ನು ಅಲ್ಲಗಳೆಯಲಾಗದು. ಆದರೆ ಅಲ್ಲಿಂದ ಮುಂದಕ್ಕೆ ಅವರು ಹೋಗುವುದಿಲ್ಲ, ಹೋಗದಿರುವುದರಿಂದ ಎರಡು ಬಗೆಯ ಇಂಗ್ಲಿಷ್ ಸಂಬಂಧಗಳ ನಡುವಿನ ಅಂತರ ಅವರ ಕಣ್ಣಿಗೆ ಬೀಳುವುದಿಲ್ಲ. ಇದೇ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ‘ಇಂಗ್ಲಿಷ್ ಗೀತಗಳು’ ಸಂಕಲನದ ಮೂಲಕ ಕನ್ನಡ ಕಾವ್ಯದ ದಿಕ್ಕು ಬದಲಿಸಿದರು. ಅವರು ಮಾಡಿದ್ದು ಇಂಗ್ಲಿಷ್ ಕವಿಯ ಸದ್ದಿನ ಅನುಕರಣೆಯನ್ನಲ್ಲ, ಅವನನ್ನು ಓದಿ, ತೂಗಿ, ತಮ್ಮ ನುಡಿಯ ಛಂದಸ್ಸಿನ ಎದುರು ನಿಲ್ಲಿಸಿ ಹೊಸದನ್ನು ಕಟ್ಟುವ ಕೆಲಸವನ್ನು. ಇಂಗ್ಲಿಷನ್ನು ವಾದಕ್ಕೆ, ವಿವೇಚನೆಗೆ ಬಳಸುವವನು ಆ ಭಾಷೆಗೆ ಅಧೀನನಲ್ಲ. ಹೇಳಿಕೊಟ್ಟದ್ದನ್ನು ಅದೇ ರಾಗದಲ್ಲಿ ಒಪ್ಪಿಸುವವನು ಅಧೀನ. ವಸಾಹತುಶಾಹಿಯ ವಿರೋಧಿಗಳು ನಿಜವಾಗಿ ಎದ್ದು ಮಾತನಾಡಬೇಕಾದದ್ದು ಓದಿದ್ದನ್ನೂ ಕೇಳಿದ್ದನ್ನೂ ಎದುರುಬದುರು ಇಟ್ಟು ತೂಗುವ ಬರಹ ಹೋಗಿ ಕೇಳಿದ್ದನ್ನು ತಿರುಗಿ ಹೇಳುವ ಅಭ್ಯಾಸ ಬಂದ ಈ ಹೊತ್ತಿನಲ್ಲಿ. ಅವರ ಮೌನ ಅವರ ನಿಲುವಿಗೇ ವಿರುದ್ಧವಾಗಿದೆ.

ಬದಲಾವಣೆ ಅನಿವಾರ್ಯವಾಗಿತ್ತು, ಕಾಲವೇ ಇದನ್ನು ಕೇಳುತ್ತಿತ್ತು ಎಂಬ ಸಮರ್ಥನೆಯೂ ನಿಲ್ಲುವುದಿಲ್ಲ. ಟೋಫೆಲ್‌ನ ಪ್ರತಿಸ್ಪರ್ಧಿಯಾದ ಪಿಟಿಇ ಅಕಾಡೆಮಿಕ್ ಪರೀಕ್ಷೆಯಲ್ಲಿ ವಾಕ್ಯವನ್ನು ತಿರುಗಿ ಹೇಳಿಸುವ ಪ್ರಶ್ನೆ ಮೊದಲಿನಿಂದಲೂ ಇದೆ, ಆದರೆ ಉಪನ್ಯಾಸ ಕೇಳಿ ಅದರ ಸಾರ ಹೇಳುವ ಪ್ರಶ್ನೆಯೂ ಅದರ ಜೊತೆಗಿದೆ. 2025ರ ಆಗಸ್ಟ್‌ನಲ್ಲಿ ಆ ಪರೀಕ್ಷೆ ಗುಂಪು ಚರ್ಚೆಯನ್ನು ಆಲಿಸಿ ಸಂಗ್ರಹಿಸಿ ಹೇಳುವ ಇನ್ನೊಂದು ಪ್ರಶ್ನೆಯನ್ನು ಸೇರಿಸಿಕೊಂಡಿತು. ಒಂದೇ ಕಾಲದಲ್ಲಿ ಒಂದು ಪರೀಕ್ಷೆ ಸಮಗ್ರ ಪ್ರಶ್ನೆಯನ್ನು ಬೆಳೆಸಿತು, ಇನ್ನೊಂದು ಕಳಚಿತು. ಟೋಫೆಲ್ ಹೋದ ದಾರಿ ಡುಯೊಲಿಂಗೊ ಪರೀಕ್ಷೆ ತೋರಿಸಿದ ದಾರಿ: ಅರ್ಧ ಪದಗಳನ್ನು ತುಂಬುವುದು, ಚಿಕ್ಕ ಚಿಕ್ಕ ಉತ್ತರ, ಮನೆಯಲ್ಲೇ ಕುಳಿತು ಬರೆಯುವ ಸೌಲಭ್ಯ, ತ್ವರಿತ ಫಲಿತಾಂಶ. 2020ರ ಸಾಂಕ್ರಾಮಿಕದ ದಿನಗಳಲ್ಲಿ ಪರೀಕ್ಷಾಕೇಂದ್ರಗಳು ಮುಚ್ಚಿದಾಗ ಡುಯೊಲಿಂಗೊಗೆ ವಿಶ್ವವಿದ್ಯಾಲಯಗಳ ಮನ್ನಣೆ ಹೆಚ್ಚಿತು, ಉಳಿದವರಿಗೆ ಸ್ಪರ್ಧೆ ಬಿಗಿಯಾಯಿತು. ಎರಡು ಮೂಲಗಳನ್ನು ಹೆಣೆದ ಪ್ರಬಂಧವನ್ನು ಮೌಲ್ಯಮಾಪನ ಮಾಡುವುದಕ್ಕಿಂತ ಜೋಡಿಸಿದ ವಾಕ್ಯವನ್ನೂ ತಿರುಗಿ ಹೇಳಿದ ಸಾಲನ್ನೂ ಯಂತ್ರ ಸುಲಭವಾಗಿ ತೂಗಬಲ್ಲದು ಎಂಬುದನ್ನೂ ಗಮನಿಸಬೇಕು. ವ್ಯಾಪಾರದ ಕಾರಣಗಳು ತಪ್ಪಲ್ಲ. ಆದರೆ ಅವನ್ನು ನ್ಯಾಯದ ಹೆಸರಿನಲ್ಲಿ ವಿವರಿಸುವುದನ್ನು ಒಪ್ಪಲಾಗದು.

ಆದ್ದರಿಂದ ಹೊಸ ಟೋಫೆಲ್ ಅನ್ನು ಸುಧಾರಣೆ ಎನ್ನುವುದಕ್ಕಿಂತ ಮೊಟಕು ಎನ್ನುವುದೇ ಸರಿ. ಪರೀಕ್ಷೆಯನ್ನು ಬದಲಿಸುವ ಅಧಿಕಾರ ತುಮಕೂರಿನ ಅಧ್ಯಾಪಕರಿಗೆ ಇಲ್ಲ, ಆದರೆ ತರಗತಿ ಅವರದು. ತುಮಕೂರು ವಿಶ್ವವಿದ್ಯಾಲಯದ ವ್ಯಾಪ್ತಿಯ ಪದವಿ ಕಾಲೇಜುಗಳೂ, 1963ರಲ್ಲಿ ಆರಂಭವಾದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯದಂತಹ ಸಂಸ್ಥೆಗಳ ಇಂಗ್ಲಿಷ್ ವಿಭಾಗಗಳೂ, ಗುಬ್ಬಿ ಮತ್ತು ಕುಣಿಗಲ್‌ನ ಪದವಿಪೂರ್ವ ಕಾಲೇಜುಗಳೂ ಕೈಬಿಟ್ಟ ಆ ಪ್ರಶ್ನೆಯನ್ನು ತಮ್ಮ ಆಂತರಿಕ ಮೌಲ್ಯಮಾಪನದಲ್ಲಿ ಉಳಿಸಿಕೊಳ್ಳಬೇಕು: ವಾರಕ್ಕೊಮ್ಮೆ ಒಂದು ಪುಟ ಓದಿಸಿ, ಅದನ್ನು ಪ್ರಶ್ನಿಸುವ ಎರಡು ನಿಮಿಷದ ಮಾತು ಕೇಳಿಸಿ, ಇಪ್ಪತ್ತು ನಿಮಿಷ ಬರೆಯಲು ಬಿಡಬೇಕು. ಇದಕ್ಕೆ ಬೇಕಾಗುವುದು ಒಂದು ಕರಿಹಲಗೆ, ಎರಡು ಹಾಳೆ ಮತ್ತು ಅಧ್ಯಾಪಕರ ಧ್ವನಿ ಮಾತ್ರ.