ಕುಂಟೆತ್ತಿಗೂ ಒಂದು ಹಿಡಿ ಜೋಳ

ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ. ಸಂಡೂರು ಸೀಮೆಯ ಕುರೆಕುಪ್ಪದ ಒಂದು ಮನೆಯ ಕಟ್ಟೆಯ ಮೇಲೆ, ನೈಟ್ ಶಿಫ್ಟ್ ಮುಗಿಸಿ ಬಂದ ಅಪ್ಪ ಬೂಟು ಕೂಡ ಬಿಚ್ಚದೆ ಒಂದು ಪುಟ್ಟಿ ಎರೆಮಣ್ಣಿನ ಮುಂದೆ ಕೂತಿದ್ದ. ಎದುರಿಗೆ ಆರೇಳು ವರ್ಷದ ಮಗಳು. ಅಪ್ಪನ ಎತ್ತಿಗೆ ಇಣಿ ಇತ್ತು, ಕೋಡು ಇತ್ತು, ಗಂಗೆದೊಗಲೂ ಇತ್ತು. ಮಗಳದ್ದು ಆಲೂಗಡ್ಡೆಗೆ ನಾಲ್ಕು ಕಡ್ಡಿ ಚುಚ್ಚಿದ ಹಾಗಿತ್ತು. ಅದರಲ್ಲೂ ಒಂದು ಕಾಲು ಗಿಡ್ಡ. ನಿಲ್ಲಿಸಿದರೆ ಪಕ್ಕಕ್ಕೆ ಒರಗುತ್ತಿತ್ತು. "ಅಪ್ಪಾ, ಇದು ಕುಂಟ ಆತು ನೋಡು" ಎಂದು ಮುಖ ಸಣ್ಣ ಮಾಡಿದಳು. "ಆಗ್ಲಿ ಬಿಡವ್ವ, ಒಂದು ಕುಂಟೆತ್ತು ಬೇಕಾಗತೈತಿ" ಎಂದ ಅಪ್ಪ. ಸರಿಮಾಡಲು ಕೈ ಚಾಚಲಿಲ್ಲ.

ಚಾಚದೆ ಉಳಿದ ಆ ಕೈಯ ಬಗ್ಗೆ ಈ ಬರಹ. ಮನೆಯಲ್ಲಿ ಮಕ್ಕಳ ಜೊತೆ ಕೂತು ಮಾಡುವ ಕೈಗೆಲಸವನ್ನು ನಾವು ಹೊಗಳುತ್ತೇವೆ, ಫೋಟೊ ತೆಗೆಯುತ್ತೇವೆ, 'ನಮ್ಮ ಕಾಲದಲ್ಲಿ' ಎಂದು ನಿಟ್ಟುಸಿರು ಬಿಡುತ್ತೇವೆ. ವಿಮರ್ಶೆಗೆ ಮಾತ್ರ ಒಡ್ಡುವುದಿಲ್ಲ. ಕಾದಂಬರಿಗೆ, ನಾಟಕಕ್ಕೆ ಅಳತೆಗೋಲು ಇರುವಾಗ ಮಣ್ಣೆತ್ತಿಗೆ ಏಕಿರಬಾರದು? ಎತ್ತಿನ ಅಂದಚೆಂದ ಅಳೆಯುವುದಕ್ಕಲ್ಲ, ಎತ್ತು ಮಾಡುವ ರೂಢಿಯನ್ನು ತೂಗಿ ನೋಡುವುದಕ್ಕೆ.

ಉತ್ತರ ಕರ್ನಾಟಕದಲ್ಲಿ ಮುಂಗಾರಿನ ಬೆನ್ನಿಗೆ ಬರುವ ಮಣ್ಣಿನ ಪೂಜೆಗಳು ಐದು ಎನ್ನುತ್ತಾರೆ: ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪ್ಪ, ಜೋಕುಮಾರ. ಜ್ಯೇಷ್ಠದ ಅಮಾವಾಸ್ಯೆಗೆ ಶುರುವಾಗಿ ಭಾದ್ರಪದಕ್ಕೆ ಮುಗಿಯುವ ಈ ಸಾಲನ್ನು ಮಗುವಿನ ಕಣ್ಣಿನಿಂದ ನೋಡಿದರೆ ಇದೊಂದು ಪಾಠಕ್ರಮ. ಮೊದಲು ಎತ್ತು ಮತ್ತು ಅದು ಮೇಯುವ ಗ್ವಾದಲಿ: ಉಂಡೆ ಕಟ್ಟುವುದು, ಎಳೆಯುವುದು, ಅಂಟಿಸುವುದು. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ: ಮೈತುಂಬ ಗುಲಗಂಜಿ, ಕುಸುಬಿ ಕಾಳು ಒತ್ತುವ ನಾಜೂಕು ಕೆಲಸ. ಆಮೇಲೆ ಸುರುಳಿ ಸುತ್ತಿದ ನಾಗಪ್ಪ. ಕೈ ಪಳಗಿದ ಮೇಲೆ ಸೊಂಡಿಲು, ಹೊಟ್ಟೆ, ಕಿವಿಯ ಗಣಪ್ಪ. ಯಾವ ಇಲಾಖೆಯೂ ಬರೆದುಕೊಡದ ಪಠ್ಯ ಇದು. ಪರೀಕ್ಷೆ ಇಲ್ಲ, ಫೇಲಾಗುವವರೂ ಇಲ್ಲ.

ಫೇಲಾಗುವವರಿಲ್ಲ ಎಂಬುದು ಬರೀ ಮಾತಲ್ಲ, ಆಚರಣೆಯಲ್ಲೇ ಹೆಣೆದಿರುವ ಸಂಗತಿ. ಹಲವು ಊರುಗಳಲ್ಲಿ ಅಮಾವಾಸ್ಯೆಯ ಮರುದಿನ ಮಕ್ಕಳು ಕಾಲು ಮುರಿದ ಮಣ್ಣೆತ್ತನ್ನು ಮಣೆಯ ಮೇಲಿಟ್ಟುಕೊಂಡು ಮನೆಮನೆಗೆ ಹೋಗುತ್ತಾರೆ. ಕುಂಟೆತ್ತಿಗೆ ಮೇವು ಬೇಕೆಂದು ಹಾಡುತ್ತಾರೆ. ಮನೆಯವರು ಜೋಳವೋ ದುಡ್ಡೋ ಹಾಕುತ್ತಾರೆ. ಬಂದದ್ದರಲ್ಲಿ ಮಕ್ಕಳು ಊರ ಹೊರಗೆ ಕೂಡಿ ಉಣ್ಣುತ್ತಾರೆ. ಚೆಂದದ ಎತ್ತು ಜಗಲಿಯ ಮೇಲೆ ಪೂಜೆ ಮಾಡಿಸಿಕೊಂಡು ಸುಮ್ಮನೆ ಕೂತಿರುತ್ತದೆ. ಊರು ತಿರುಗಿ ಗಳಿಸಿ ತರುವುದು ಕುಂಟೆತ್ತು. ಮಗುವಿನ ಕೈ ತಪ್ಪಿದರೆ ಆ ತಪ್ಪಿಗೂ ಒಂದು ಕೆಲಸ ಕೊಡುವ ಈ ಜಾಣತನ ನಾನು ಕಂಡ ಯಾವ ಶಿಕ್ಷಣ ಯೋಜನೆಯಲ್ಲೂ ಇಲ್ಲ. ಆ ಅಪ್ಪ ಸಮಾಧಾನಕ್ಕೆಂದು ಆಡಿದ ಮಾತು ಹುಸಿಯಲ್ಲ. ಕುಂಟೆತ್ತು ನಿಜವಾಗಿಯೂ ಬೇಕು.

ಇಷ್ಟು ಹೊಗಳಿದ ಮೇಲೆ ಕುರೆಕುಪ್ಪದಲ್ಲೇ ನಿಂತು ಒಂದು ಮುಜುಗರದ ಪ್ರಶ್ನೆ ಕೇಳಬೇಕು. ಆ ಮಗಳು ಮಾಡಿದ್ದು ಯಾವ ಎತ್ತನ್ನು? ಅವಳ ಮನೆಯಲ್ಲಿ ಎತ್ತಿಲ್ಲ. 1971ರಲ್ಲಿ ಇಂದಿರಾ ಗಾಂಧಿ ಪಕ್ಕದ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. 1994ರಲ್ಲಿ ಅಲ್ಲಿ ಜಿಂದಾಲ್‌ನ ಉಕ್ಕಿನ ಕಂಪನಿ ಶುರುವಾಯಿತು. ಹೊಲದ ಊರು ಶಿಫ್ಟಿನ ಊರಾಯಿತು, ಪುರಸಭೆಯೂ ಬಂತು. ಉಳಲು ಟ್ರ್ಯಾಕ್ಟರ್ ಇದೆ. ಆದರೆ ಇಲ್ಲಿಂದ ಬಳ್ಳಾರಿ ರಸ್ತೆಯಲ್ಲಿ ಮುಂದೆ ಹೋದರೆ ಕುಡತಿನಿಯಲ್ಲಿ ಹೊಸ ಶಿಲಾಯುಗದ ದನಗಾಹಿಗಳು ದನದ ಸಗಣಿ ಸುಟ್ಟು ಉಳಿಸಿದ ಬೂದಿದಿಬ್ಬವಿದೆ. ಬಳ್ಳಾರಿಯ ಅಂಚಿನ ಸಂಗನಕಲ್ಲು–ಕುಪ್ಪಗಲ್ಲಿನ ಬಂಡೆಗಳ ಮೇಲೆ ಕಲ್ಲಿನಿಂದ ಕುಟ್ಟಿ ಮೂಡಿಸಿದ ಗೂಳಿಗಳ ಹಿಂಡೇ ಇದೆ. ಸಾವಿರಾರು ವರ್ಷ ದನದ ಮೈಯನ್ನು ಕೈಯಿಂದಲೇ ತಿಳಿದಿದ್ದ ನೆಲದಲ್ಲಿ, ಎತ್ತಿನ ಮೈ ಸವರದ ಮೊದಲ ಪೀಳಿಗೆ ಈಗ ಮಣ್ಣೆತ್ತು ಮಾಡುತ್ತಿದೆ.

ಹಾಗಾದರೆ ಇದು ಜೀವ ಹೋದ ಆಚರಣೆಯೇ? ನನಗೆ ಹಾಗನ್ನಿಸುವುದಿಲ್ಲ. ಮಗುವಿಗೆ ಅಲ್ಲಿ ಎತ್ತಿಗಿಂತ ಮಣ್ಣು ಮುಖ್ಯ. ಸಂಡೂರು ಸೀಮೆಯ ಮಗು ಮಣ್ಣನ್ನು ಹೆಚ್ಚಾಗಿ ಕಾಣುವುದು ಎರಡು ರೂಪದಲ್ಲಿ: ಟಿಪ್ಪರಿನಲ್ಲಿ ಹೋಗುವ ಅದಿರಾಗಿ, ಎಲೆಗಳ ಮೇಲೆ ಕೂರುವ ಕೆಂಪು ಧೂಳಾಗಿ. ಒಂದು ಮಾರುವ ಮಣ್ಣು, ಇನ್ನೊಂದು ಒರೆಸಿ ಹಾಕುವ ಮಣ್ಣು. ನೀರು ಹಾಕಿ ನಾದಿ, ಹದಕ್ಕೆ ತಂದು, ಬೆರಳಿಗೆ ಅಂಟದಷ್ಟು ಬಿಗಿ ಮಾಡಿ, ಆಕಾರಕ್ಕೆ ಒಲಿಸಿಕೊಳ್ಳುವ ಮೂರನೆಯ ಮಣ್ಣು ಸಿಗುವುದು ಇಂಥ ಹಬ್ಬಗಳಲ್ಲಿ. ಎರೆಮಣ್ಣು ಒಣಗುವಾಗ ಬಿರಿಯುತ್ತದೆ, ಮಸಾರಿ ಮಣ್ಣು ಉದುರುತ್ತದೆ, ಸ್ವಲ್ಪ ಹೊಟ್ಟು ಕಲಸಿದರೆ ನಿಲ್ಲುತ್ತದೆ. ಇದನ್ನು ಹೇಳಿಕೊಟ್ಟು ಕಲಿಸಲಾಗದು. ಎತ್ತು ಬಿರಿದಾಗಲೇ ತಿಳಿಯುತ್ತದೆ.

ಈಗ ಇದರ ಎದುರಿಗೆ ಎರಡು ವಸ್ತುಗಳನ್ನು ಇಟ್ಟು ನೋಡೋಣ. ಒಂದು, ಹೊಸಪೇಟೆಯಂಥ ಪೇಟೆಗಳಲ್ಲಿ ಹಬ್ಬದ ಹಿಂದಿನ ದಿನ ಜೋಡಿಯ ಲೆಕ್ಕದಲ್ಲಿ ಮಾರುವ ಅಚ್ಚಿನ ಎತ್ತುಗಳು. ಬಣ್ಣ ಹಚ್ಚಿ, ಮಿಂಚು ಸವರಿದವು, ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ. ಇವನ್ನು ಬೈಯುವವರು ಒಂದು ಮಾತು ನೆನಪಿಡಬೇಕು: ಮಣ್ಣೆತ್ತನ್ನು ಪ್ರತಿ ಮನೆಯೂ ತಾನೇ ಮಾಡಿಕೊಳ್ಳುತ್ತಿತ್ತು ಎಂಬುದು ಅರ್ಧ ಸತ್ಯ. ಎಷ್ಟೋ ಊರುಗಳಲ್ಲಿ ಕುಂಬಾರರು ಎತ್ತು ಮಾಡಿ ಮನೆಮನೆಗೆ ಕೊಟ್ಟು ಕಾಳು ಪಡೆಯುತ್ತಿದ್ದರು. ಕೊಂಡು ತರುವುದು ಹೊಸ ಪಾಪವೇನಲ್ಲ. ಆದರೆ ಕುಂಬಾರರ ಎತ್ತು ಜಗಲಿಗೆ ಹೋದರೆ, ಮಿಕ್ಕ ಮಣ್ಣಿನಲ್ಲಿ ಮಕ್ಕಳದೇ ಒಂದು ದೊಡ್ಡಿ ಅಂಗಳದಲ್ಲಿ ಏಳುತ್ತಿತ್ತು. ಅಚ್ಚಿನ ಎತ್ತು ಬಂದ ಮನೆಗೆ ಮಣ್ಣೇ ಬರುವುದಿಲ್ಲ. ನಷ್ಟ ಅಲ್ಲಿದೆ.

ಇನ್ನೊಂದು ಶಾಲೆಯ ಪ್ರಾಜೆಕ್ಟು. ಥರ್ಮೋಕೋಲ್ ಹಲಗೆಯ ಮೇಲೆ ಜ್ವಾಲಾಮುಖಿ, ಗ್ಲಿಟರ್ ಪೇಪರಿನ ಹಂಪಿಯ ಕಲ್ಲಿನ ರಥ. ನಮ್ಮ ಮನೆಯಲ್ಲೂ ಇಂಥದ್ದೊಂದು ನಡೆದಿದೆ. ರಾತ್ರಿ ಹತ್ತರವರೆಗೆ ಕತ್ತರಿಸಿದವರು ಅಪ್ಪ, ಅಮ್ಮ. ಮಗು ಪಕ್ಕದಲ್ಲೇ ನಿದ್ದೆ ಹೋಗಿತ್ತು. ಮರುದಿನ ಎರಡನೇ ಬಹುಮಾನ ಬಂತು. ಮಗು ಸರ್ಟಿಫಿಕೇಟನ್ನು ನನ್ನ ಕೈಗೆ ಕೊಟ್ಟು "ತಗೋ, ನಿಂದು" ಎಂದಿತು. ಅದಕ್ಕಿಂತ ಹರಿತವಾದ ವಿಮರ್ಶೆಯನ್ನು ನಾನು ಬರೆಯಲಾರೆ. ಇದಕ್ಕೆ ತದ್ವಿರುದ್ಧವಾಗಿ, ಐಐಟಿಯಲ್ಲಿ ಓದಿ, ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬುಗಳಿಂದ ಆಟಿಕೆ ಮಾಡುವುದನ್ನು ಹೇಳಿಕೊಡುತ್ತ ದೇಶ ಸುತ್ತಿ, 2018ರಲ್ಲಿ ಪದ್ಮಶ್ರೀ ಪಡೆದ ಅರವಿಂದ ಗುಪ್ತ ಮಕ್ಕಳ ಕೈಗೆ ಕೊಟ್ಟದ್ದು ಒಡೆಯುವ ಸ್ವಾತಂತ್ರ್ಯವನ್ನು. ಪ್ರಾಜೆಕ್ಟಿನ ರಥವನ್ನು ಮುಟ್ಟಿದರೆ ಬೈಗುಳ. ಜೋಳದ ದಂಟಿನ ಬೆಂಡಿಗೆ ಸಿಬಿರು ಚುಚ್ಚಿ ಮಾಡಿದ ಬಂಡಿ ಸಂಜೆಯೊಳಗೆ ಮುರಿಯುತ್ತದೆ. ಮುರಿದರೆ ಏನಾಯಿತು, ಬೆಂಡಿಗೇನು ಬರವೇ?

ಆದರೆ ಕೈಗೆಲಸ ಎಂದ ಕೂಡಲೇ ಕರಗುವವರು ಈ ಸೀಮೆಯ ಇನ್ನೊಂದು ನೆನಪನ್ನೂ ಎದುರಿಸಬೇಕು. ಗಣಿಗಾರಿಕೆ ಹುಚ್ಚೆದ್ದು ಓಡುತ್ತಿದ್ದ ವರ್ಷಗಳಲ್ಲಿ, 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳಿಗೆ ತಡೆ ಹಾಕುವ ಮೊದಲು, ಹೊಸಪೇಟೆ–ಸಂಡೂರು ಭಾಗದಲ್ಲಿ ಮಕ್ಕಳು ಕೂಡ ಸುತ್ತಿಗೆ ಹಿಡಿದು ಅದಿರು ಒಡೆಯುತ್ತಿದ್ದರು. ಅದೂ ಕೈಯ ಕೆಲಸವೇ, ಅದೂ ಮಣ್ಣೇ, ಪಕ್ಕದಲ್ಲಿ ಅಪ್ಪ ಅಮ್ಮನೂ ಇದ್ದರು. ಮಣ್ಣೆತ್ತಿಗೂ ಅದಕ್ಕೂ ಏನು ವ್ಯತ್ಯಾಸ? ಅಲ್ಲಿ ಪುಟ್ಟಿ ತುಂಬಲೇಬೇಕಿತ್ತು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ನಯೀ ತಾಲೀಮಿನ ವಿಚಾರ ಮುಂದಿಟ್ಟಾಗ, ಕಸುಬಿನ ಮೂಲಕ ಕಲಿಕೆ ಎಂಬುದನ್ನು ಮೆಚ್ಚಿದವರೂ, ಮಕ್ಕಳು ಮಾಡಿದ ವಸ್ತು ಮಾರಿ ಶಾಲೆ ತನ್ನ ಖರ್ಚು ತೂಗಿಸಿಕೊಳ್ಳಬೇಕು ಎಂಬಲ್ಲಿ ತಡವರಿಸಿದರು. ಆ ಹಿಂಜರಿಕೆ ಸರಿಯಾದದ್ದೇ. ಇಷ್ಟು ಆಗಲೇಬೇಕು ಎಂಬ ಲೆಕ್ಕ ಕೂತ ಜಾಗದಲ್ಲಿ ಕುಂಟೆತ್ತಿಗೆ ಬೆಲೆಯಿಲ್ಲ.

ಲಂಬಾಣಿ ಕಸೂತಿಯಲ್ಲಿ ಈ ಲೆಕ್ಕ ಇನ್ನಷ್ಟು ಸೂಕ್ಷ್ಮ. ತಾಂಡಾದಲ್ಲಿ ತಾಯಿಯ ತೊಡೆಗೆ ಒರಗಿ ಕೂತು, ಹರಿದ ಬಟ್ಟೆಯ ತುಂಡಿನ ಮೇಲೆ ಸೂಜಿ ಓಡಿಸಿ ಹುಡುಗಿಯರು ಕಲಿತ ವಿದ್ಯೆ ಅದು. ಹೊಲಿಗೆಗಳು 14 ಬಗೆ ಎಂದು ಎಣಿಸುತ್ತಾರೆ. ಕನ್ನಡಿ, ಕವಡೆ ಬೇರೆ. ಸಂಡೂರು ಕುಶಲ ಕಲಾ ಕೇಂದ್ರ ಈ ವಿದ್ಯೆಗೆ ಮಾರುಕಟ್ಟೆ ಕಟ್ಟಿಕೊಟ್ಟಿತು. 2010ರಲ್ಲಿ 'ಸಂಡೂರು ಲಂಬಾಣಿ ಕಸೂತಿ'ಗೆ ಭೌಗೋಳಿಕ ಸೂಚಿಕೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 1,755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯೂ ಆಯಿತು. ಹೆಂಗಸರ ಕೈಗೆ ದುಡ್ಡು ಬಂದದ್ದು ದೊಡ್ಡ ಗಳಿಕೆ, ಅದನ್ನು ಅಲ್ಲಗಳೆಯುವ ಸೊಗಸುಗಾರಿಕೆ ನನಗೆ ಬೇಡ. ಅಷ್ಟಾದರೂ, ಆರ್ಡರಿನ ಬಟ್ಟೆಯ ಮೇಲೆ ಮಗಳ ವಕ್ರ ಹೊಲಿಗೆಗೆ ಜಾಗವಿರುವುದಿಲ್ಲ. ಅವಳಿಗೆ ಬೇರೆ ತುಂಡು ಬಟ್ಟೆ, ಬೇರೆ ಹೊತ್ತು ಬೇಕು. ಮಾರುವ ಕೆಲಸದ ಪಕ್ಕದಲ್ಲಿ ಮಾರದ ಕೆಲಸವೂ ಒಂದಿಷ್ಟು ಉಳಿದರೆ ಮಾತ್ರ ವಿದ್ಯೆ ಮುಂದಿನವರಿಗೆ ದಾಟುತ್ತದೆ.

ಮಾರದ ಕೆಲಸಕ್ಕೆ ಅತಿ ಹಳೆಯ ಉದಾಹರಣೆ ಬಾಣಂತಿಯ ಕೋಣೆಯಲ್ಲಿದೆ. ಅಜ್ಜಿಯ ಸವೆದ ನೂಲಿನ ಸೀರೆಯಿಂದ ಕೌದಿ, ತವರಿನಿಂದ ತೊಟ್ಟಿಲ ಜೊತೆಗೆ ಬರುವ ಕುಂಚಿಗೆ, ಕುಲಾಯಿ. ಹೊಸ ಬಟ್ಟೆ ಎಳೆಗೂಸಿನ ಮೈಗೆ ಒರಟು. ಹತ್ತಾರು ವರ್ಷ ಒಗೆದ ಬಟ್ಟೆಯಷ್ಟು ಮೆತ್ತಗಿನದು ಅಂಗಡಿಯಲ್ಲಿ ಸಿಗದು. ಇಲ್ಲಿ ಹಳತಾಗುವುದೇ ಗುಣ. ಆದರೆ ಈ ಮೃದುತ್ವದ ಹಿಂದಿನ ದುಡಿಮೆ ಯಾರದು ಎಂದು ಕೇಳಿದರೆ ಉತ್ತರ ಒಂದೇ: ಹೆಂಗಸರದು. ಹೊಲದಿಂದ ಬಂದು, ರೊಟ್ಟಿ ಬಡಿದು, ಕಣ್ಣು ಕೂಡುವ ಹೊತ್ತಿನಲ್ಲಿ ಹೊಲಿದದ್ದು. ಮನೆಗೆಲಸದ ಮೇಲೆ ಇನ್ನೊಂದು ಹೊರೆಯಾಗಿ ಬರುವ 'ಮಕ್ಕಳೊಂದಿಗೆ ಕ್ರಾಫ್ಟ್' ಎಂಬ ಉಪದೇಶವನ್ನು ಅದಕ್ಕೇ ನಾನು ಅನುಮಾನದಿಂದ ನೋಡುತ್ತೇನೆ. ಗುಳ್ಳವ್ವ ಹುಡುಗಿಯರಿಗೆ, ಎತ್ತು ಹುಡುಗರಿಗೆ ಎಂಬ ಹಂಚಿಕೆಯೂ ಈ ರೂಢಿಯ ಒಳಗಿನ ಬಿರುಕೇ. ಕಟ್ಟೆಯ ಮೇಲೆ ಎತ್ತಿನ ಮುಂದೆ ಕೂತದ್ದು ಒಬ್ಬ ಅಪ್ಪ ಮತ್ತು ಒಬ್ಬ ಮಗಳು ಎಂಬುದು ನನಗೆ ಇಷ್ಟವಾದದ್ದು ಈ ಕಾರಣಕ್ಕೂ ಹೌದು.

ಹೊರಗೆ ಆಟಿಕೆಯ ಲೋಕ ಜೋರಾಗಿಯೇ ಇದೆ. ತುಂಗಭದ್ರೆಯ ಆಚೆ, ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರಲ್ಲಿ ಶಂಕುಸ್ಥಾಪನೆಯಾಯಿತು. ಮರದ ಗೊಂಬೆಗಳ ಕಿನ್ನಾಳವೂ ಅದೇ ಜಿಲ್ಲೆಯದು. 2023ರಲ್ಲಿ ಎನ್‌ಸಿಇಆರ್‌ಟಿ ಮೂರರಿಂದ ಎಂಟು ವರ್ಷದ ಮಕ್ಕಳಿಗೆಂದು 'ಜಾದೂಯಿ ಪಿಟಾರಾ' ಎಂಬ ಆಟಿಕೆಗಳ ಪೆಟ್ಟಿಗೆ ಹೊರತಂದಿತು. ಪ್ಲಾಸ್ಟಿಕ್ಕೋ ಮರವೋ ಎಂಬ ಜಗಳದಲ್ಲಿ ನನಗೆ ಆಸಕ್ತಿ ಕಡಿಮೆ. ಪೆಟ್ಟಿಗೆ ಯಾವುದೇ ಇರಲಿ, ಅದರ ಎದುರಿಗೆ ಮಗುವಿನ ಜೊತೆ ಯಾರು ಕೂತರು, ಎಷ್ಟು ಹೊತ್ತು ಕೂತರು, ತಪ್ಪಿದಾಗ ಕೈ ಚಾಚಿದರೋ ಸುಮ್ಮನಿದ್ದರೋ, ಇವೇ ನನ್ನ ಅಳತೆಗೋಲು. ಈ ಕೋಲಿನಲ್ಲಿ ಥರ್ಮೋಕೋಲಿನ ರಥ ಸೋಲುತ್ತದೆ, ಅಚ್ಚಿನ ಎತ್ತು ಸೋಲುತ್ತದೆ. ಹಳೆಯದು ಎಂಬ ಒಂದೇ ಕಾರಣಕ್ಕೆ ಮಾಡಿದ ಮಣ್ಣೆತ್ತೂ ಸೋಲಬಹುದು. "ಹಾಗಲ್ಲ, ಕೊಡು ಇಲ್ಲಿ" ಎಂದು ದೊಡ್ಡವರು ಕಸಿದುಕೊಂಡ ಗಳಿಗೆಯಲ್ಲಿ ಅದು ಇನ್ನೊಂದು ಪ್ರಾಜೆಕ್ಟು.

ಮಕ್ಕಳನ್ನು ಬೆಳೆಸುವ ಸುಖ ಎಂಬ ಮಾತು ಬಳಸಿ ಬಳಸಿ ಸವೆದಿದೆ. ಕಟ್ಟೆಯ ಮೇಲೆ ಅದು ಕಂಡದ್ದು ಬೇರೆ ತರಹ. ಅಪ್ಪನ ಕಣ್ಣು ನಿದ್ದೆಗೆ ಎಳೆಯುತ್ತಿತ್ತು, ಉಗುರಿನ ಸಂದಿಯಲ್ಲಿ ಮಣ್ಣು ಒಣಗುತ್ತಿತ್ತು. ಮಗಳು ಕುಂಟೆತ್ತಿಗೆ ಜೋಳದ ಕಾಳಿನ ಕಣ್ಣು ಒತ್ತಿ, ಒಂದು ಕಣ್ಣು ಹೊಟ್ಟೆಯ ಹತ್ತಿರ ಬಂತೆಂದು ತಾನೇ ನಗುತ್ತಿದ್ದಳು. ಅವಳ ನಗು ನೋಡಿ ಅವನೂ ನಕ್ಕ. ಅಷ್ಟೇ. ಪೂಜೆ ಮುಗಿದ ಮೇಲೆ ಎತ್ತುಗಳು ನೀರಿಗೋ ಮಾಳಿಗೆಗೋ ಹೋಗುತ್ತವೆ, ಮಳೆಗೆ ಕರಗುತ್ತವೆ. ಕರಗುವುದರಿಂದಲೇ ವರ್ಷವರ್ಷವೂ ಮಾಡಬೇಕು. ಪ್ರತಿ ವರ್ಷ ಮಗುವಿನ ಕೈ ಒಂದಿಷ್ಟು ದೊಡ್ಡದಾಗಿರುತ್ತದೆ.

ಮಾಡುವುದಕ್ಕೆ ಮಣ್ಣಿದೆ. ಎತ್ತನ್ನು ಟಿವಿಯಲ್ಲೋ ಜಾತ್ರೆಯಲ್ಲೋ ನೋಡಿಕೊಂಡರಾಯಿತು. ಇರದೇ ಹೋಗಬಹುದಾದದ್ದು ಆ ಒಂದು ಬೆಳಿಗ್ಗೆ. ನೈಟ್ ಶಿಫ್ಟ್ ಇದ್ದುದರಿಂದ ಆ ಅಪ್ಪ ಹಗಲು ಮನೆಯಲ್ಲಿದ್ದ, ನಿದ್ದೆ ಬಿಟ್ಟು ಕೂತ. ಬರುವ ವರ್ಷದ ಅಮಾವಾಸ್ಯೆಗೆ ಅವನಿಗೆ ಯಾವ ಶಿಫ್ಟ್ ಬೀಳುತ್ತದೋ, ಪಂಚಾಂಗ ಹೇಳಲಾರದು.