ತವರಿಗೆ ಬಂದ ಯೆಜ್ಡಿ

ಹುಬ್ಬಳ್ಳಿಯಲ್ಲಿ ಕೊಂಡ ಹಳೇ ಯೆಜ್ಡಿ ರೋಡ್‌ಕಿಂಗನ್ನು ಲಾರಿಗೆ ಹಾಕದೆ ಮೈಸೂರಿನವರೆಗೂ ಓಡಿಸಿಕೊಂಡೇ ಬಂದೆ. ಅದು ತಯಾರಾಗಿದ್ದೂ ಇಲ್ಲೇ, 1961ರಿಂದ 1996ರವರೆಗೆ ಬೈಕ್ ಮಾಡುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ.

ಮಾರುವವರ ಅಂಗಳದಲ್ಲಿ ಸ್ಪಾರ್ಕ್ ಪ್ಲಗ್ ಬಿಚ್ಚಿಸಿದೆ. ತುದಿ ಕಪ್ಪಗೆ ಜಿಡ್ಡುಗಟ್ಟಿರಲಿಲ್ಲ, ಬೆಳ್ಳಗೆ ಸುಟ್ಟಿರಲಿಲ್ಲ. ಹದವಾದ ಕಾಫಿಪುಡಿ ಬಣ್ಣ. ಆರ್‌ಸಿಯಲ್ಲಿದ್ದ ಚಾಸಿ ನಂಬರ್ ತಾಳೆ ನೋಡಿ ದುಡ್ಡು ಎಣಿಸಿಕೊಟ್ಟೆ.

ಈ ಗಾಡಿಯ ಜಾಣ್ಮೆ ಎಡಗಾಲ ಬಳಿಯ ಒಂದೇ ಲಿವರಿನಲ್ಲಿದೆ. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದು ಕಿಕ್ಕರ್. ಎಂಜಿನ್ ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ತಂದರೆ ಅದೇ ಗೇರ್. ಗೇರ್ ತುಳಿದಾಗ ಕ್ಲಚ್ ತಾನಾಗಿಯೇ ಬಿಡುತ್ತದೆ, ಎಡಗೈಗೆ ಕೆಲಸವೇ ಇಲ್ಲ. ಎಂಥ ಉಪಾಯ!

ಟೂ ಸ್ಟ್ರೋಕ್ ಆದ್ದರಿಂದ ಎಂಜಿನ್ನಿಗೆ ಆಯಿಲ್ ಹೋಗುವುದು ಪೆಟ್ರೋಲಿನ ಜೊತೆಗೇ. ಉದ್ದದ ಇಳಿಜಾರಿನಲ್ಲೂ ಆಗಾಗ ಎಕ್ಸಲರೇಟರ್ ಕೊಡುತ್ತಿರಬೇಕು, ಇಲ್ಲದಿದ್ದರೆ ಪಿಸ್ಟನ್ ಒಣಗುತ್ತದೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ದಾವಣಗೆರೆ ದಾಟುವಷ್ಟರಲ್ಲಿ ಆ ಸದ್ದಿನಿಂದಲೇ ಗೇರ್ ಬದಲಿಸುವ ಹೊತ್ತು ತಿಳಿಯತೊಡಗಿತು.

ನಿಮ್ಮ ಹಿತ್ತಿಲ ಶೆಡ್ಡಿನಲ್ಲಿ ಇಂಥದೊಂದು ನಿಂತಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಒಮ್ಮೆ ಕಾರ್ಬ್ಯುರೇಟರ್ ತೊಳೆಸಿ, ಕಿಕ್ ಹೊಡೆದು ನೋಡಿ.