ಅವ್ವನ ಪಾಸ್‌ಬುಕ್ ಅವ್ವನ ಹತ್ತಿರವೇ ಇರಲಿ

‘ವಯಸ್ಸಾದವರಿಗೆ ಏನ್ ತಿಳೀತದ್ರಿ, ಮೊದಲು ಆ ಫೋನ್ ಕಸಗೊಳ್ರಿ.’ ನವಿಲುತೀರ್ಥದ ಸುತ್ತಲಿನ ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಯಾವ ಕಟ್ಟೆಯ ಮೇಲೆ ಮೋಸದ ಮಾತು ತೆಗೆದರೂ ಕೊನೆಗೆ ಈ ತೀರ್ಪೇ ಬರುತ್ತದೆ. ಹೇಳುವವರು ಕೆಟ್ಟವರಲ್ಲ. ಹೆತ್ತವರ ಮೇಲಿನ ಕಾಳಜಿಯಿಂದಲೇ ಹೇಳುತ್ತಾರೆ. ಆದರೂ ಈ ತೀರ್ಪು ತಪ್ಪು, ಅಪಾಯಕಾರಿ ಕೂಡ.

ಕಿತ್ತೂರಿಗೆ ದೂರವಲ್ಲದ, ಖಾನಾಪುರ ತಾಲ್ಲೂಕಿನ ಬೀಡಿಯಲ್ಲಿ 2025ರ ಮಾರ್ಚ್‌ನಲ್ಲಿ ನಡೆದದ್ದನ್ನೇ ನೋಡಿ. ಎಂಬತ್ತು ದಾಟಿದ ಗಂಡ, ಎಂಬತ್ತರ ಹೊಸ್ತಿಲಲ್ಲಿದ್ದ ಹೆಂಡತಿ. ದಿಲ್ಲಿಯ ಅಧಿಕಾರಿಗಳೆಂದು ಹೇಳಿಕೊಂಡವರು ಫೋನ್ ಮಾಡಿ, ನಿಮ್ಮ ಹೆಸರಿನ ಸಿಮ್‌ನಿಂದ ಅಪರಾಧ ನಡೆದಿದೆ ಎಂದು ಹೆದರಿಸಿದರು. 50 ಲಕ್ಷ ರೂಪಾಯಿಗೂ ಹೆಚ್ಚು ಹಣ ಹೋಯಿತು. ಬಂಗಾರ ಅಡವಿಟ್ಟು ಸಾಲ ತೆಗೆದರು. ಬೇಡಿಕೆ ಅಷ್ಟಕ್ಕೂ ನಿಲ್ಲಲಿಲ್ಲ. ಕೊನೆಗೆ ಇಬ್ಬರೂ ಜೀವ ಕಳೆದುಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ‘ಹಣಕಾಸು ಮಕ್ಕಳ ಕೈಗೆ ಕೊಡಿ’ ಎಂಬ ಉಪದೇಶಕ್ಕೆ ಆ ಮನೆಯಲ್ಲಿ ಅರ್ಥವೇ ಇರಲಿಲ್ಲ. ತಿಳಿವಳಿಕೆ ಕಡಿಮೆಯಾಗಿ ಅವರು ಹೋದರು ಎಂದು ನನಗೆ ಅನ್ನಿಸುವುದಿಲ್ಲ. ಮರ್ಯಾದೆಗೆ ಅಂಜಿದರು, ಯಾರ ಮುಂದೆಯೂ ಬಾಯಿ ಬಿಡಲಾಗಲಿಲ್ಲ. ವಂಚಕರು ಮೊದಲು ಹಾಕುವ ಕಟ್ಟಪ್ಪಣೆಯೇ ಅದು: ಯಾರಿಗೂ ಹೇಳಬೇಡಿ, ಕರೆ ಕಡಿಯಬೇಡಿ.

ಹೀಗೆ ಫೋನಿನಲ್ಲೇ ಹೆದರಿಸಿ ಕಟ್ಟಿಹಾಕುವ ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ‘ಮನ್ ಕಿ ಬಾತ್’ನಲ್ಲಿ ಇದನ್ನು ಹೇಳಿದರು. ಅದರ ಮುಂದಿನ ತಿಂಗಳು ಬೆಂಗಳೂರಿನಲ್ಲಿ ಇದೇ ಬಲೆಗೆ ಬಿದ್ದು 11.8 ಕೋಟಿ ಕಳೆದುಕೊಂಡವರು 39ರ ಹರೆಯದ ಸಾಫ್ಟ್‌ವೇರ್ ಎಂಜಿನಿಯರ್. ಅವರ ಲ್ಯಾಪ್‌ಟಾಪ್ ಕಸಿದುಕೊಳ್ಳಬೇಕೆಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅದೇ ತಪ್ಪು ಎಪ್ಪತ್ತರವರಿಂದ ಆದರೆ ಮಾತ್ರ ಅವರ ಬುದ್ಧಿಯ ಮೇಲೆಯೇ ಅನುಮಾನ ಏಕೆ?

ನಮ್ಮ ಭಾಗದ ಹಿರಿಯರ ನಂಬಿಕೆಗೆ ಒಂದು ಇತಿಹಾಸವಿದೆ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಷ್ಟು ಹಿಂದೆಯೇ ರೈತರ ಪತ್ತಿನ ಸಹಕಾರ ಸಂಘ ಕಟ್ಟಿದ ಜನ ನಾವು. ಪಿಗ್ಮಿ ತುಂಬಿಸಿಕೊಳ್ಳಲು ದಿನಾ ಬಾಗಿಲಿಗೆ ಬರುವ ಹುಡುಗನ ಮುಖ, ಸೊಸೈಟಿಯ ಚೇರ್ಮನ್ನರ ಮನೆತನ, ಇವನ್ನು ನೋಡಿ ಹಣ ಇಟ್ಟರು. ಬಹಳ ಕಾಲ ಆ ಲೆಕ್ಕ ಸರಿಯಾಗಿಯೇ ಬಂತು. ಬೆಳಗಾವಿಯಲ್ಲಿ ಸಂಗೊಳ್ಳಿ ರಾಯಣ್ಣನ ಹೆಸರಿಟ್ಟುಕೊಂಡ ಅರ್ಬನ್ ಕ್ರೆಡಿಟ್ ಸೊಸೈಟಿಯ ಠೇವಣಿದಾರರು 2017ರಲ್ಲಿ ತಮ್ಮ ಹಣ ಕೇಳಿ ಬೀದಿಗಿಳಿದದ್ದು ನೆನಪಿರಬಹುದು. ಸಂಗೊಳ್ಳಿ ಇರುವುದು ಬೈಲಹೊಂಗಲ ತಾಲ್ಲೂಕಿನಲ್ಲಿ. ಈ ಸೀಮೆಯಲ್ಲಿ ಆ ಹೆಸರು ಕಂಡರೆ ಕೈ ತಾನಾಗಿ ಮುಗಿಯುತ್ತದೆ. ಅಂಥ ಹೆಸರನ್ನು ನಂಬಿದವರನ್ನು ದಡ್ಡರೆನ್ನಲು ನನಗೆ ಬಾಯಿ ಬರುವುದಿಲ್ಲ.

ಅವರಿಗೆ ಗೊತ್ತಿರಬೇಕಿದ್ದ ಸಂಗತಿ ಬೇರೆ. ಬ್ಯಾಂಕ್ ಮುಳುಗಿದರೆ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ, 2020ರ ಫೆಬ್ರುವರಿವರೆಗೆ ಅದು 1 ಲಕ್ಷವಿತ್ತು. ಪತ್ತಿನ ಸಂಘಕ್ಕೆ ಆ ವಿಮೆ ಇಲ್ಲವೇ ಇಲ್ಲ. ಎರಡೂ ಕಡೆ ಅದೇ ಕೌಂಟರ್, ಅದೇ ಪಾಸ್‌ಬುಕ್, ಗೋಡೆಯ ಮೇಲೆ ಅದೇ ಲಕ್ಷ್ಮಿಯ ಫೋಟೊ. ಈ ವ್ಯತ್ಯಾಸವನ್ನು ಸೊಸೈಟಿಯ ಬಾಗಿಲ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸುವುದು ಸರ್ಕಾರದ ಕೆಲಸ. ಅದನ್ನು ಬಿಟ್ಟು ಅಜ್ಜನಿಗೆ ಜಾಗೃತಿ ಮೂಡಿಸುವ ಭಾಷಣ ಮಾಡುತ್ತೇವೆ.

ಪಾಸ್‌ಬುಕ್ ಕಸಿದುಕೊಂಡ ಮನೆಯಲ್ಲಿ ಆಮೇಲೆ ಏನಾಗುತ್ತದೆ? ಔಷಧಿಗೆ, ಯಲ್ಲಮ್ಮನ ಗುಡ್ಡದ ಬಸ್ಸಿಗೆ, ಮೊಮ್ಮಗಳ ಕೈಗೆ ನೂರು ರೂಪಾಯಿ ಇಡಲಿಕ್ಕೆ ಅವ್ವ ಮಗನ ಮುಖ ನೋಡಬೇಕು. ಮುಂದೊಂದು ದಿನ ಬೆದರಿಕೆಯ ಕರೆ ಬಂದರೆ, ಆಗಲೇ ಒಮ್ಮೆ ಬೈಸಿಕೊಂಡವಳು ಮನೆಯವರಿಗೆ ಹೇಳುತ್ತಾಳೆಯೇ? ಮುಚ್ಚಿಡುತ್ತಾಳೆ. ವಂಚಕನಿಗೆ ಬೇಕಾದ ಏಕಾಂತವನ್ನು ನಾವೇ ಕಟ್ಟಿಕೊಟ್ಟಂತಾಯಿತು. ಮೇಲಾಗಿ ಎಲ್ಲ ಕೈಗಳೂ ಒಂದೇ ತರಹದವಲ್ಲ. ಆಸ್ತಿ ಬರೆಸಿಕೊಂಡು ಹೆತ್ತವರನ್ನು ಕೈಬಿಡುವ ಮಕ್ಕಳಿದ್ದಾರೆ ಎಂದೇ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ 23ನೇ ಕಲಮು ಇದೆ: ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ ಹಿಂದಕ್ಕೆ ಪಡೆಯಬಹುದು.

2024ರಲ್ಲಿ ನಮ್ಮದೇ ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಅಜ್ಜಿಯೊಬ್ಬರು ಗೃಹಲಕ್ಷ್ಮಿಯ ಎರಡೆರಡು ಸಾವಿರ ಕೂಡಿಟ್ಟು ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದರು. ಪಾಸ್‌ಬುಕ್ ಮಗನ ಕಪಾಟಿನಲ್ಲಿದ್ದರೆ ಆ ಪಂಕ್ತಿ ನಡೆಯುತ್ತಿತ್ತೇ? ಲೆಕ್ಕದ ಮಗ ಅದನ್ನು ದುಂದು ಎನ್ನುತ್ತಿದ್ದ. ನಮಗೆ ದುಂದು ಎನಿಸುವಂತೆ ಖರ್ಚು ಮಾಡುವ ಹಕ್ಕೂ ಸ್ವಾತಂತ್ರ್ಯದೊಳಗೇ ಬರುತ್ತದೆ.

ಹಾಗಾದರೆ ಕಾಯುವುದು ಬೇಡವೇ? ಬೇಕು. ಆದರೆ ಅಡ್ಡಗಟ್ಟಬೇಕಾದದ್ದು ಹಣ ಹೊರಹೋಗುವ ದಾರಿಯನ್ನು. 2024ರ ನವೆಂಬರ್‌ನಲ್ಲಿ ಹೈದರಾಬಾದಿನ ಸ್ಟೇಟ್ ಬ್ಯಾಂಕ್ ಶಾಖೆಯೊಂದರಲ್ಲಿ ಅರವತ್ತು ದಾಟಿದ ವೈದ್ಯರೊಬ್ಬರು 13 ಲಕ್ಷ ಕಳಿಸಲು ಅವಸರಪಟ್ಟರು. ಸಿಬ್ಬಂದಿ ಅವರ ಖಾತೆ ಕಸಿಯಲಿಲ್ಲ. ಯಾಕೆ, ಯಾರಿಗೆ ಎಂದು ಬಿಡದೆ ಕೇಳಿದರು, ತಡಮಾಡಿದರು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಹಚ್ಚಿಸಿದರು. ಹಣ ಉಳಿಯಿತು. ಬಂಗಾರ ಅಡವಿಡಲು ಬಂದ ಎಂಬತ್ತರ ಹಿರಿಯರಿಗೂ ‘ಯಾಕ್ರಿ ಅಜ್ಜಾರ, ಏನರ ಅಂಜಿಕಿ ಹಾಕ್ಯಾರೇನ್?’ ಎಂಬ ಒಂದು ಪ್ರಶ್ನೆ ಪ್ರತಿ ಕೌಂಟರಿನಲ್ಲೂ ಎದುರಾಗಬೇಕು. ದೊಡ್ಡ ಮೊತ್ತ ಹೊಸ ಖಾತೆಗೆ ಹೋಗುವುದಿದ್ದರೆ ಒಂದು ದಿನ ತಡೆಯಲಿ. ಆ ಮೊತ್ತ ಎಷ್ಟು, ಆಗ ಯಾರಿಗೆ ತಿಳಿಸಬೇಕು ಎಂಬುದನ್ನು ಖಾತೆದಾರರೇ ಬರೆದುಕೊಡಲಿ. ಮಗನೇ ಆಗಬೇಕೆಂದಿಲ್ಲ, ತಂಗಿ, ನೆರೆಮನೆಯ ಮಾಸ್ತರು, ಯಾರೂ ಆದೀತು.

ಮರೆವಿನ ಕಾಯಿಲೆ ಹಿಡಿದವರ ವಿಷಯ ಬೇರೆ, ಅಲ್ಲಿ ಇನ್ನೊಬ್ಬರ ಕೈ ಬೇಕೇ ಬೇಕು. ಅದು ಯಾರ ಕೈ ಎಂಬುದನ್ನು ಬುದ್ಧಿ ನೆಟ್ಟಗಿರುವಾಗಲೇ ಅವರು ಹೇಳಿಡುವಂತಾಗಬೇಕು.

ಹಣ ಹೋದರೆ ಮೊದಲ ತಾಸುಗಳೇ ಮುಖ್ಯ. 1930ಕ್ಕೆ ಬೇಗ ತಿಳಿಸಿದಷ್ಟೂ ವಂಚಕನ ಖಾತೆಯಲ್ಲೇ ಹಣ ತಡೆಯುವ ಸಾಧ್ಯತೆ ಹೆಚ್ಚು. ಆ ತಾಸುಗಳನ್ನು ತಿಂದುಹಾಕುವುದು ಮಕ್ಕಳು ಏನಂದಾರು ಎಂಬ ಹೆದರಿಕೆ. ಇವತ್ತು ಸಂಜೆ ಮನೆಗೆ ಹೋದವರು ಅಪ್ಪನ ಫೋನಿನ ಹಿಂದೆ ಆ ನಾಲ್ಕು ಅಂಕಿ ಬರೆದು ಅಂಟಿಸಿ, ‘ಏನರ ಆದ್ರ ನನಗ ಹೇಳಪ್ಪ, ನಾ ಬೈಯೂದಿಲ್ಲ’ ಎಂದು ಹೇಳಿ, ಫೋನನ್ನು ಮತ್ತೆ ಅವರ ಕಿಸೆಗೇ ಇಟ್ಟುಬಿಡಿ.